ಓದದೇ ಒತ್ತಿದ 'ಒಪ್ಪಿಗೆ'

ಆಗ ನಾನು ಏಳನೇ ಸೆಮಿಸ್ಟರ್. ಪ್ಲೇಸ್‌ಮೆಂಟ್ ಹತ್ತಿರ ಬಂದಿತ್ತು. ರೆಸ್ಯೂಮೆಯಲ್ಲಿ ತೋರಿಸಲು ಒಂದು ಮಿನಿ ಪ್ರಾಜೆಕ್ಟ್ ಬಿಟ್ಟರೆ ಏನೂ ಇರಲಿಲ್ಲ. 'ಯಾವುದಾದ್ರೂ ಓಪನ್ ಸೋರ್ಸ್ ಪ್ರಾಜೆಕ್ಟಿಗೆ ನಾಲ್ಕು ಸಾಲು ಕೋಡ್ ಕಳ್ಸೋ, ಇಂಟರ್‌ವ್ಯೂನಲ್ಲಿ ಮಾತಾಡೋಕೆ ವಿಷಯ ಸಿಗುತ್ತೆ' ಅಂದರು ಹಾಸ್ಟೆಲ್‌ನ ಸೀನಿಯರ್ ಒಬ್ಬರು.

ಮೂರು ರಾತ್ರಿ ನಿದ್ದೆಗೆಟ್ಟು, ದಿನಾಂಕ ತಪ್ಪಾಗಿ ತೋರಿಸುತ್ತಿದ್ದ ಒಂದು ದೋಷ ಸರಿಪಡಿಸಿದೆ. ಒಟ್ಟು ಹನ್ನೊಂದು ಸಾಲು! ಕಳಿಸಿದ ಮರುಕ್ಷಣವೇ 'ಮೊದಲು ಸಿಎಲ್ಎಗೆ ಸಹಿ ಹಾಕಿ' ಎಂಬ ಉತ್ತರ ಬಂತು. ಸಿಎಲ್ಎ ಅಂದರೆ ಕಾಂಟ್ರಿಬ್ಯೂಟರ್ ಲೈಸೆನ್ಸ್ ಅಗ್ರಿಮೆಂಟ್. ಸಿಮ್ ಕೊಳ್ಳುವಾಗ ಫಾರ್ಮ್ ಓದುತ್ತೇವೆಯೇ? ಹಾಗೇ ಒಪ್ಪಿಗೆ ಒತ್ತಿದೆ.

ಕೆಲಸ ಸಿಕ್ಕಿತು, ಎಂಟು ಜನರ ಪುಟ್ಟ ಕಂಪನಿಯಲ್ಲಿ. ಅದೇ ಸಾಫ್ಟ್‌ವೇರನ್ನು ಗ್ರಾಹಕರಿಗೆ ನಡೆಸಿಕೊಡುವುದೇ ನಮ್ಮ ಸಂಪಾದನೆ. ಒಂದು ಬೆಳಿಗ್ಗೆ ಆ ಪ್ರಾಜೆಕ್ಟಿನ ಹಿಂದಿದ್ದ ದೊಡ್ಡ ಕಂಪನಿ ಲೈಸೆನ್ಸ್ ಬದಲಿಸಿತು. ಹೊಸ ಆವೃತ್ತಿಯನ್ನು ನಮ್ಮಂಥವರು ವ್ಯಾಪಾರಕ್ಕೆ ಬಳಸುವಂತಿಲ್ಲ. ನನ್ನ ಹನ್ನೊಂದು ಸಾಲು ಅದರೊಳಗೇ ಇವೆ!

ಆ ರಾತ್ರಿ ಮೊದಲ ಸಲ ಒಪ್ಪಂದ ಓದಿದೆ. ಕೋಡಿನ ಹಕ್ಕು ನನ್ನದೇ. ಆದರೆ ಅದನ್ನು ಯಾವ ಲೈಸೆನ್ಸಿನಲ್ಲಾದರೂ ಹಂಚುವ ಅನುಮತಿಯನ್ನು ಕಂಪನಿಗೆ ಕೊಟ್ಟಿದ್ದೆ. ಅದನ್ನು ವಾಪಸ್ ಪಡೆಯುವಂತಿಲ್ಲ. ಮೋಸವೇನೂ ನಡೆದಿರಲಿಲ್ಲ, ಎಲ್ಲ ಬರೆದೇ ಇತ್ತು.

ಇದು ನನ್ನೊಬ್ಬನ ಕಥೆಯಲ್ಲ. ಹಾಶಿಕಾರ್ಪ್ ಕಂಪನಿಯ 'ಟೆರಾಫಾರ್ಮ್' ಕ್ಲೌಡ್ ಕೆಲಸ ಕಲಿಯುವವರಿಗೆಲ್ಲ ಗೊತ್ತು. ಅಲ್ಲೂ ಸಿಎಲ್ಎ ಇತ್ತು. 2023ರ ಆಗಸ್ಟ್‌ನಲ್ಲಿ ಕಂಪನಿ ಅದನ್ನು ಮೊಜಿಲ್ಲಾ ಲೈಸೆನ್ಸ್‌ನಿಂದ ಬಿಸಿನೆಸ್ ಸೋರ್ಸ್ ಲೈಸೆನ್ಸ್‌ಗೆ ಬದಲಿಸಿತು. ಪೈಪೋಟಿ ಕೊಡುವವರಿಗೆ ಬಾಗಿಲು ಬಂದ್. ಸಿಟ್ಟಾದವರು ಹಳೆಯ ಕೋಡ್ ಎತ್ತಿಕೊಂಡು 'ಓಪನ್‌ಟೋಫು' ಕಟ್ಟಿದರು. ಸೆಪ್ಟೆಂಬರ್‌ನಲ್ಲೇ ಅದು ಲಿನಕ್ಸ್ ಫೌಂಡೇಶನ್‌ನ ಆಸರೆಗೆ ಬಂತು. ಮರುವರ್ಷ ಹಾಶಿಕಾರ್ಪನ್ನೇ 640 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಐಬಿಎಂ ಘೋಷಿಸಿತು.

ಲಿನಕ್ಸ್ ಕರ್ನಲ್‌ನಲ್ಲಿ ಈ ಥರ ಆಗುವುದು ಕಷ್ಟ. ಅಲ್ಲಿ ಸಿಎಲ್ಎ ಇಲ್ಲ. 2004ರಿಂದ ಇರುವುದು 'ಸೈನ್ಡ್ ಆಫ್ ಬೈ' ಎಂಬ ಒಂದು ಸಾಲು ಮಾತ್ರ. ಈ ಕೋಡನ್ನು ಇದೇ ಲೈಸೆನ್ಸಿನಡಿ ಕೊಡಲು ನನಗೆ ಹಕ್ಕಿದೆ ಎಂಬ ಖಾತರಿ ಅದು. ಹಕ್ಕು ಸಾವಿರಾರು ಜನರ ಕೈಯಲ್ಲಿ ಹಂಚಿಹೋಗಿದೆ. ಲೈಸೆನ್ಸ್ ಬದಲಿಸಬೇಕೆಂದರೆ ಅವರೆಲ್ಲರನ್ನೂ ಕೇಳಬೇಕು. ತೀರಿಕೊಂಡವರ ವಾರಸುದಾರರನ್ನೂ!

ಹಾಗಂತ ಕಂಪನಿಗಳನ್ನು ಬರೀ ಬೈಯಲು ನನಗೆ ಮನಸ್ಸಿಲ್ಲ. ಇಂಥ ಸಾಫ್ಟ್‌ವೇರ್ ಬರೆಯುವವರಲ್ಲಿ ಹೆಚ್ಚಿನವರಿಗೆ ಸಂಬಳ ಕೊಡುವವರು ಅವರೇ. ಬೇರೆಯವರು ಏನೂ ಕೊಡದೆ ಅದರಿಂದಲೇ ದುಡ್ಡು ಮಾಡುತ್ತಾರೆ ಎಂಬ ಅವರ ದೂರಿನಲ್ಲೂ ಹುರುಳಿದೆ. ಆ 'ಬೇರೆಯವರ' ಪಟ್ಟಿಯಲ್ಲಿ ನಮ್ಮ ಎಂಟು ಜನರೂ ಇದ್ದೆವಲ್ಲ!

ಹಳೆಯ ಆವೃತ್ತಿಗೆ ಹಳೆಯ ಲೈಸೆನ್ಸೇ ಇರುವುದರಿಂದ ಸದ್ಯ ಅದರಲ್ಲೇ ದಿನ ದೂಡುತ್ತಿದ್ದೇವೆ. ಭದ್ರತಾ ದೋಷ ಸಿಕ್ಕಾಗಲೆಲ್ಲ ನಾವೇ ಕೂತು ತಿದ್ದಬೇಕು. ಕಳೆದ ತಿಂಗಳು ಮತ್ತೊಂದು ಪ್ರಾಜೆಕ್ಟಿಗೆ ಕೋಡ್ ಕಳಿಸಿದೆ. ಅಲ್ಲೂ ಸಿಎಲ್ಎ ಎದುರಾಯಿತು. ಓದಲು ಮುಕ್ಕಾಲು ಗಂಟೆ ಹಿಡಿಯಿತು. ಒಪ್ಪಂದ ಲಾಭರಹಿತ ಸಂಸ್ಥೆಯೊಂದರ ಹೆಸರಿನಲ್ಲಿತ್ತು. ಸಹಿ ಹಾಕಿದೆ.