ಹಾಲಿನ ಕಣಕ್ಕೊಂದು ಸಿಪ್ಪೆ

ಕೊಡಗೆಂದರೆ ಕಾಫಿ, ಕರಿಮೆಣಸು, ಕಿತ್ತಳೆ. ಮಡಿಕೇರಿಯಿಂದ ಘಾಟಿ ಇಳಿದು ಸಂಪಾಜೆ, ಚೆಂಬು, ಪೆರಾಜೆ ಕಡೆ ಬಂದರೆ ಈ ಪಟ್ಟಿ ಸಾಲದು. ಇಲ್ಲಿ ಅಡಿಕೆಯ ಪಕ್ಕದಲ್ಲೇ ರಬ್ಬರ್. ಬೆಳಕು ಹರಿಯುವ ಹೊತ್ತಿಗೆ ಟ್ಯಾಪಿಂಗ್ ಆಗಬೇಕು, ಬಿಸಿಲೇರಿದರೆ ಹಾಲಿನ ಓಟ ನಿಧಾನ. ಗೆರಟೆಗೆ ಇಳಿದದ್ದನ್ನು ಸೋಸಿ, ನೀರು ಬೆರೆಸಿ, ಫಾರ್ಮಿಕ್ ಆಮ್ಲ ಹಾಕಿದರೆ ಹೆಪ್ಪುಗಟ್ಟುತ್ತದೆ.

ಆಮ್ಲ ಮಾಡುವುದೇನು? ಹಾಲಿನಲ್ಲಿ ರಬ್ಬರ್ ಇರುವುದು ಸುಮಾರು ಮೂರನೇ ಒಂದು ಪಾಲು, ಉಳಿದದ್ದು ಬಹುಪಾಲು ನೀರು. ಪ್ರತಿ ರಬ್ಬರ್ ಕಣಕ್ಕೂ ಪ್ರೋಟೀನು, ಫಾಸ್ಫೊಲಿಪಿಡ್‌ಗಳ ತೆಳು ಸಿಪ್ಪೆ. ಸಿಪ್ಪೆಯ ಋಣ ವಿದ್ಯುದಂಶವೇ ಕಣಗಳನ್ನು ದೂರದೂರ ಇಡುವುದು. ಆಮ್ಲ ಅದನ್ನು ಅಳಿಸಿತೋ, ಎಲ್ಲ ಒಂದಕ್ಕೊಂದು ಅಂಟಿ ಮುದ್ದೆ.

ಪ್ಲಾಸ್ಟಿಕ್ಕಿಗೆ ತಾಳಿಕೆ ತುಂಬುವವರಿಗೂ ಇಂಥದ್ದೇ ಕಣ ಬೇಕು, ಸಿಪ್ಪೆ ಮಾತ್ರ ಬೇರೆ. ಗೀರು ಬಿದ್ದ ಪಿವಿಸಿ ಚಳಿಯಲ್ಲಿ ಪೆಟ್ಟು ತಿಂದರೆ ಸೀಳುತ್ತದೆ. ರಬ್ಬರ್ ಬೆರೆಸೋಣವೆಂದರೆ ಬರಿ ರಬ್ಬರ್ ಅದರಲ್ಲಿ ಹೊಂದಿಕೊಳ್ಳದೆ ಗಂಟುಗಟ್ಟುತ್ತದೆ. ಅದಕ್ಕೇ ಸಾಬೂನು ನೀರಿನಲ್ಲಿ ಮೊದಲು ಬ್ಯೂಟಾಡೈಯೀನ್ ಅಥವಾ ಬ್ಯೂಟೈಲ್ ಅಕ್ರಿಲೇಟಿನ ಮೆತ್ತನೆಯ ತಿರುಳು ಬೆಳೆಸಿ, ಮೇಲೆ ಪಿವಿಸಿಗೆ ಒಗ್ಗುವ ಅಕ್ರಿಲಿಕ್ ಸಿಪ್ಪೆ ಕಸಿ ಮಾಡುತ್ತಾರೆ. (ಕಸಿ ನನ್ನ ಉಪಮೆಯಲ್ಲ, ರಸಾಯನಶಾಸ್ತ್ರದವರದೂ ಅದೇ ಮಾತು. ರಬ್ಬರ್ ಸಸಿ ಕಟ್ಟುವವರಿಗೆ ಹೊಸದೇನೂ ಅಲ್ಲ.) ಕಣದ ಅಳತೆ 100ರಿಂದ 300 ನ್ಯಾನೊಮೀಟರ್, ಒಂದು ಕೂದಲಿನ ದಪ್ಪಕ್ಕೆ ನಾನೂರು ಸಾಲುಗಟ್ಟಬಹುದು.

ಪೆಟ್ಟು ಬಿದ್ದಾಗ ಮೊದಲು ಹರಿಯುವುದು ತಿರುಳು. ಒಳಗೊಂದು ಪೊಳ್ಳು ಬಿಟ್ಟುಕೊಳ್ಳುತ್ತದೆ. ಆಗ ಸುತ್ತಲ ಪ್ಲಾಸ್ಟಿಕ್ಕು ಸೀಳುವ ಬದಲು ಹಿಗ್ಗಿ ಪೆಟ್ಟನ್ನು ನುಂಗುತ್ತದೆ. ಕೆಲವು ಪ್ಲಾಸ್ಟಿಕ್‌ಗಳನ್ನು ಬಗ್ಗಿಸಿದಲ್ಲಿ ಬೆಳ್ಳಗಾಗುವುದು ಇಂಥ ಪೊಳ್ಳುಗಳು ಬೆಳಕನ್ನು ಚದುರಿಸುವುದರಿಂದಲೇ. ಕಣ ತೀರಾ ಸಣ್ಣದಾದರೆ ಪೊಳ್ಳು ಬೀಳದು. ತೀರಾ ದೊಡ್ಡದಾದರೆ, ಅದೇ ಪ್ರಮಾಣದ ರಬ್ಬರಿಗೆ ಕಣಗಳ ಸಂಖ್ಯೆ ಇಳಿದು ನಡುವಿನ ಅಂತರ ಹೆಚ್ಚುತ್ತದೆ. ನೈಲಾನಿನಲ್ಲಿ ಆ ಅಂತರ 0.3 ಮೈಕ್ರಾನ್ ಮೀರಬಾರದೆಂದು ಡುಪಾಂಟ್ ಕಂಪನಿಯ ಸೂಹೆಂಗ್ ವು 1985ರಲ್ಲಿ ತೋರಿಸಿದರು. ನನಗೆ ಈ ವಿದ್ಯೆಯ ಜೀವಾಳ ಅನ್ನಿಸುವುದು ಈ ಅಂತರದ ಲೆಕ್ಕವೇ.

ಮರದ ಹಾಲಿಗೇ ಅಕ್ರಿಲಿಕ್ ಸಿಪ್ಪೆ ಹೊದಿಸಿದವರೂ ಉಂಟು. 1990ರ ದಶಕದಲ್ಲಿ ಫ್ರಾನ್ಸಿನ ಸಂಶೋಧಕರು ಅಂಥ ಕಣಗಳಿಂದ ಪಾಲಿಸ್ಟೈರೀನನ್ನು ಗಟ್ಟಿಮಾಡಿ ನೋಡಿದರು. ಮರ ಕೊಡುವ ಕಣಗಳಾದರೋ ಒಂದು ಸಣ್ಣದು, ಒಂದು ದಪ್ಪ. ಬಿಸಿಲು, ಗಾಳಿಗೆ ಆ ರಬ್ಬರ್ ಬೇಗ ಹಳತಾಗುತ್ತದೆ. ಸಂಪಾಜೆಯ ಹಾಲು ಶೀಟಾಗಿ ಹೊಗೆಗೂಡಿಗೇ ಹೋಗುತ್ತಿದೆ.