ಮೂಡಣ ನದಿಗೆ ಪಡುವಣ ದಾರಿ: ಬಾಣಾಸುರ ಸಾಗರದಲ್ಲಿ ಒಂದು ತಾಸು

ಓಣಂ ರಜೆ ಬಂತೆಂದರೆ ನಮ್ಮ ಕಡೆಯ ಸಂಸಾರಗಳು ವಯನಾಡಿಗೆ ಹೊರಡುವುದು ವಾಡಿಕೆ. ಕೆಲವರಿಗೆ ತಿರುನೆಲ್ಲಿಯಲ್ಲಿ ಪಿತೃಕಾರ್ಯ, ಕೆಲವರಿಗೆ ಸುಲ್ತಾನ್ ಬತ್ತೇರಿಯ ಜೈನ ಬಸದಿ, ಮಕ್ಕಳಿಗೆ ಎಡಕ್ಕಲ್ ಗುಹೆ. ಕೂತುಪರಂಬ ದಾಟಿ ಘಾಟಿ ಹತ್ತಿ ಮಾನಂತವಾಡಿ ಸೇರಿದವರು ಕಲ್ಪೆಟ್ಟಕ್ಕೆ ಹೋಗುವ ದಾರಿಯಲ್ಲಿ ತುಸು ಬಳಸಿ ಪಡಿಞಾರತ್ತರದಲ್ಲಿ ಇಳಿಯುವುದುಂಟು. ಬಾಣಾಸುರ ಸಾಗರ ಅಣೆಕಟ್ಟು ಇರುವುದು ಇಲ್ಲಿಯೇ.

ಯಕ್ಷಗಾನ ನೋಡಿ ಬೆಳೆದ ನಮಗೆ ಬಾಣಾಸುರನ ಪರಿಚಯ ಬೇಕಿಲ್ಲ. ಬಲಿಯ ಮಗ, ಉಷೆಯ ತಂದೆ, ಶೋಣಿತಪುರದ ದೊರೆ. ಎರಡು ಸಾವಿರ ಮೀಟರಿಗೂ ಮಿಕ್ಕಿ ಎತ್ತರವಿರುವ ಇಲ್ಲಿನ ಬೆಟ್ಟಕ್ಕೆ ಅವನ ಹೆಸರು. ಬೆಟ್ಟದಿಂದ ಜಲಾಶಯಕ್ಕೂ ಅದೇ ಹೆಸರು ಬಂದಿದೆ.

ಪ್ರವಾಸಿಗಳ ಕೇಂದ್ರದಲ್ಲಿ ಟಿಕೆಟ್ ಪಡೆದು ಏರಿಯ ಮೇಲೆ ಹೋದರೆ ಕಾಣುವುದು ಕಲ್ಲು ಗಾರೆಯ ಗೋಡೆಯಲ್ಲ, ಹುಲ್ಲು ಬೆಳೆದ ದೊಡ್ಡ ದಿಣ್ಣೆ. ಮಣ್ಣು ಬಂಡೆಗಳನ್ನು ಪೇರಿಸಿ ಕಟ್ಟಿದ ಈ ಒಡ್ಡಿನ ಉದ್ದ ಸುಮಾರು 685 ಮೀಟರು, ಎತ್ತರ 38 ಮೀಟರಿಗೆ ಮೇಲೆ. ಭಾರತದ ಅತಿ ದೊಡ್ಡ ಮಣ್ಣಿನ ಅಣೆಕಟ್ಟು ಇದೇ ಎಂದು ಹೇಳುವವರು ಬಹಳ. ಉದ್ದದ ಲೆಕ್ಕದಲ್ಲಿ ಒಡಿಶಾದ ಹಿರಾಕುಡ್ ಇದಕ್ಕಿಂತ ಎಷ್ಟೋ ದೊಡ್ಡದು. ಆದರೆ ಇಲ್ಲಿ ನಿಂತು ನೋಡತಕ್ಕದ್ದು ಗಾತ್ರವನ್ನಲ್ಲ, ನೀರು ಹೋಗುವ ದಿಕ್ಕನ್ನು.

ಕೇರಳದ 44 ನದಿಗಳಲ್ಲಿ 41 ನಮ್ಮ ಚಂದ್ರಗಿರಿಯಂತೆ ಪಡುವಣ ಕಡಲಿಗೆ ಹರಿಯುತ್ತವೆ. ಕಬಿನಿ, ಭವಾನಿ, ಪಾಂಬಾರ್ ಎಂಬ ಮೂರು ಮಾತ್ರ ಮೂಡಕ್ಕೆ. ಇಲ್ಲಿ ಕಟ್ಟಿರುವ ಕರಮನತೋಡು ಪನಮರಂ ಹೊಳೆಗೆ ಸೇರತಕ್ಕದ್ದು. ಪನಮರಂ ಹೊಳೆಯೂ ಮಾನಂತವಾಡಿ ಹೊಳೆಯೂ ಕೂಡಿದರೆ ಕಬಿನಿ. ಅದು ಗಡಿ ದಾಟಿ ಬೀಚನಹಳ್ಳಿಯ ಜಲಾಶಯ ತುಂಬಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯೊಡನೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ.

ಪ್ರಕೃತಿಯ ಈ ದಾರಿಯನ್ನು ಮನುಷ್ಯ ತಿರುಗಿಸಿದ. ಕೋಝಿಕ್ಕೋಡ್ ಜಿಲ್ಲೆಯ ಕಕ್ಕಯದಲ್ಲಿ 1972ರಿಂದ ಕುಟ್ಟ್ಯಾಡಿ ವಿದ್ಯುದಾಗಾರ ನಡೆಯುತ್ತಿದೆ. ಅದಕ್ಕೆ ಇನ್ನಷ್ಟು ನೀರು ಬೇಕೆಂದು 1979ರಲ್ಲಿ ಬಾಣಾಸುರ ಯೋಜನೆ ಆರಂಭವಾಯಿತು. ಬೆಟ್ಟದೊಳಗೆ ಕೊರೆದ ಸುರಂಗದಲ್ಲಿ ಇಲ್ಲಿಯ ನೀರು ಕಕ್ಕಯಕ್ಕೆ ಇಳಿದು ವಿದ್ಯುತ್ತು ಕೊಟ್ಟು, ಪೆರುವಣ್ಣಾಮೂಝಿಯ ಜಲಾಶಯ ಸೇರಿ ಗದ್ದೆಗಳಿಗೆ ಹರಿಯುತ್ತದೆ. ಮಿಗತೆ ನೀರಿಗೆ ಮಾತ್ರ ಹಳೆಯ ಮೂಡಣ ದಾರಿ. 2018ರ ಆಗಸ್ಟಿನ ಮಹಾಮಳೆಯಲ್ಲಿ ಶಟರ್ ಎತ್ತಿದಾಗ ಕೆಳಗಿನ ಪ್ರದೇಶಗಳು ಮುಳುಗಿದ್ದು ಆ ದಾರಿಯ ನೆನಪನ್ನು ಮರುಕಳಿಸಿತು.

ಗಡಿನಾಡ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ನಮ್ಮ ಮನೆಯ ದೀಪ ಕೇರಳದ ವಿದ್ಯುತ್ತಿನಿಂದ ಉರಿಯುತ್ತದೆ. ಹೆಣ್ಣು ಕೊಟ್ಟ ಮನೆ ನಂಜನಗೂಡಿನ ಕಡೆಯಲ್ಲಿದ್ದರೆ ಆ ಗದ್ದೆಗೆ ಕಬಿನಿಯ ನೀರೇ ಬೇಕು. 2007ರಲ್ಲಿ ಕಾವೇರಿ ನ್ಯಾಯಮಂಡಳಿ ಕೇರಳಕ್ಕೆ 30 ಟಿ.ಎಂ.ಸಿ. ಅಡಿ ಪಾಲು ಕೊಟ್ಟಿತು. ಅದರಲ್ಲಿ 21 ಕಬಿನಿ ಕೊಳ್ಳದ್ದು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪಾಲನ್ನು ಹಾಗೆಯೇ ಉಳಿಸಿತು. ಪತ್ರಿಕೆಯಲ್ಲಿ ಬರೀ ಅಂಕೆಯಾಗಿ ಓದುವ ಈ ಪಾಲು ಎಂಥದೆಂದು ಏರಿಯ ಮೇಲೆ ನಿಂತರೆ ಮನಸ್ಸಿಗೆ ನಾಟುತ್ತದೆ. ಒಂದೇ ಮಳೆಯ ನೀರಿಗೆ ಎರಡು ಕಡೆಯಲ್ಲಿ ಬಾಯಾರಿದವರಿದ್ದಾರೆ. ಇಬ್ಬರ ಕೇಳಿಕೆಯೂ ನ್ಯಾಯವೇ.

ಇನ್ನು ನೀರಿನಡಿಯ ಮಾತು. ದೋಣಿಯಲ್ಲಿ ಹೋಗುವಾಗ ಸುತ್ತ ಕಾಣುವ ಹಸಿರು ದ್ವೀಪಗಳು ಹಿಂದೆ ನೆಲದ ಮೇಲಿನ ಗುಡ್ಡಗಳು. ಅವುಗಳ ನಡುವಿನ ಬಯಲಿನಲ್ಲಿ ಜನರಿದ್ದರು, ಬೆಳೆಯಿತ್ತು. ತರಿಯೋಡ್ ಎಂಬ ಹಳೆಯ ಪೇಟೆ ಈ ಜಲಾಶಯಕ್ಕಾಗಿಯೇ ಇಲ್ಲವಾಯಿತು. ಅಲ್ಲಿಯವರು ಬೇರೆ ಬೇರೆ ಕಡೆ ನೆಲೆಸಿದರು. ಊರಿನ ಹೆಸರು ಪಂಚಾಯತಿನ ಹೆಸರಾಗಿ ಉಳಿದಿದೆ. 2017ರ ಡಿಸೆಂಬರಿನಲ್ಲಿ ಇದೇ ನೀರಿನ ಮೇಲೆ ತೇಲುವ ಸೌರ ವಿದ್ಯುತ್ ಸ್ಥಾವರವೂ ಆರಂಭವಾಯಿತು. ಮೇಲೆ ಹೊಸ ಬೆಳಕು, ಕೆಳಗೆ ಹಳೆಯ ಪೇಟೆ.

ಆದುದರಿಂದ ವಯನಾಡಿಗೆ ಹೊರಟವರಲ್ಲಿ ಒಂದು ವಿನಂತಿ. ದೋಣಿ ವಿಹಾರ ಆಗಲಿ, ಫೋಟೋ ತೆಗೆಯುವುದೂ ಆಗಲಿ. ಜೋರು ಮಳೆಯಲ್ಲಿ ದೋಣಿ ನಿಲ್ಲಿಸಿದ್ದರೆ ಹಟ ಹಿಡಿಯುವುದು ಬೇಡ. ಏರಿಯ ಮೇಲೆ ಮಕ್ಕಳನ್ನು ನಿಲ್ಲಿಸಿ ಮೂಡು ಯಾವುದು, ಪಡು ಯಾವುದು ಎಂದು ಮೊದಲು ತೋರಿಸಿರಿ. ಈ ನೀರು ಎಲ್ಲಿಗೆ ಹೋಗಬೇಕಿತ್ತು, ಈಗ ಎಲ್ಲಿಗೆ ಹೋಗುತ್ತಿದೆ, ಅದಕ್ಕಾಗಿ ಮನೆ ಬಿಟ್ಟವರು ಯಾರು ಎಂದು ಕೇಳಿರಿ. ಉತ್ತರ ನೀವೇ ಹೇಳಿಕೊಡಿರಿ. ಪಾಠಪುಸ್ತಕದ ಹತ್ತು ಪುಟಕ್ಕಿಂತ ಅದು ಹೆಚ್ಚು ದಿನ ನೆನಪಿನಲ್ಲಿ ಉಳಿದೀತು.