ಸೈದಾಪೇಟೆಯಿಂದ ಅಡಿಕೆ ತೋಟದವರೆಗೆ

ಸೈದಾಪೇಟೆ ಎಂದೊಡನೆ ಚೆನ್ನೈವಾಸಿಗಳಾದ ನಮ್ಮ ಕಣ್ಣಿಗೆ ಕಟ್ಟುವುದು ರೈಲು ನಿಲ್ದಾಣ, ಅಂಗಡಿಬೀದಿ, ಅಡ್ಯಾರು ಹೊಳೆಯ ಸೇತುವೆ, ಎಡೆಬಿಡದ ವಾಹನಗಳ ಸಾಲು. ಇಲ್ಲಿ ಒಂದು ಕಾಲಕ್ಕೆ ನೇಗಿಲು ಹೂಡಿ, ಗೊಬ್ಬರ ಹರಡಿ, ಬೇಸಾಯದ ಪಾಠ ಹೇಳುತ್ತಿದ್ದರೆಂದರೆ ನಮ್ಮ ಮಕ್ಕಳು ನಕ್ಕಾರು. ಆದರೆ ಮದರಾಸು ಪ್ರಾಂತದ ವ್ಯವಸಾಯ ಇಲಾಖೆಯ ಬೇರು ಇರುವುದು ಈ ಪೇಟೆಯಲ್ಲಿಯೇ. ಅದರ ಒಂದೆರಡು ಕೊಂಬೆಗಳು ನಮ್ಮ ಕನ್ನಡ ನಾಡಿಗೂ ಚಾಚಿದ್ದವು. ಊರಿನಲ್ಲಿ ಗದ್ದೆಯನ್ನೋ ತೋಟವನ್ನೋ ಬಿಟ್ಟು ಬಂದಿರುವ ನಾವು ಈ ಕಥೆಯನ್ನು ಅರಿತಿರುವುದು ಒಳ್ಳೆಯದು.

1865ರಲ್ಲಿ ಗವರ್ನರ್ ಸರ್ ವಿಲಿಯಂ ಡೆನಿಸನ್ ಅವರ ಉತ್ಸಾಹದಿಂದ ಸೈದಾಪೇಟೆಯಲ್ಲಿ ಒಂದು ಪ್ರಯೋಗ ಕ್ಷೇತ್ರ ಆರಂಭವಾಯಿತು. ಉಗಿಯಂತ್ರದ ನೇಗಿಲು ಮೊದಲಾದ ಸಲಕರಣೆಗಳು ಹಡಗು ಹತ್ತಿ ಇಂಗ್ಲೆಂಡಿನಿಂದ ಬಂದವು. ವಿಲಾಯತಿಯ ಪದ್ಧತಿಯನ್ನು ತೋರಿಸಿಬಿಟ್ಟರೆ ಇಲ್ಲಿಯ ರೈತ ಅದನ್ನು ಹಿಡಿದುಬಿಡುತ್ತಾನೆಂಬುದು ಅಂದಿನವರ ನಂಬಿಕೆ. ಆದರೆ ಎರಡೆತ್ತಿನ ಒಕ್ಕಲಿಗನ ತುಂಡು ಹೊಲದಲ್ಲಿ ಉಗಿಯಂತ್ರ ತಿರುಗುವುದೆಲ್ಲಿ? ಕ್ಷೇತ್ರದ ಮರಳು ಭೂಮಿಯೂ ಪ್ರಯೋಗಕ್ಕೆ ಒಗ್ಗಿದ್ದಲ್ಲ. ಅಲ್ಲಿಯೇ ಬೆಳೆದ ವ್ಯವಸಾಯ ಶಾಲೆ 1876ರಲ್ಲಿ ಕಾಲೇಜಾಗಿ, 1906ರಲ್ಲಿ ಕೊಯಮತ್ತೂರಿನ ಹಾದಿ ಹಿಡಿಯಿತು. ಇಂದಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಅದರ ವಂಶದ್ದೇ.

ಇಲಾಖೆ ಹುಟ್ಟಿದ್ದು ಮಾತ್ರ ಉತ್ಸಾಹದಿಂದಲ್ಲ, ಹಸಿವಿನಿಂದ. 1876-78ರ ಭೀಕರ ಕ್ಷಾಮವನ್ನು ತಮಿಳರೂ ಕನ್ನಡಿಗರೂ ಧಾತು ಸಂವತ್ಸರದ ಹೆಸರಿನಿಂದಲೇ ನೆನೆಯುತ್ತಿದ್ದರು. ಬಳ್ಳಾರಿ ಸೀಮೆ ಬೆಂದುಹೋಯಿತು. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಪ್ರಾಂತಕ್ಕೊಂದು ವ್ಯವಸಾಯ ಇಲಾಖೆ ಬೇಕೆಂದು 1880ರಲ್ಲಿ ಕ್ಷಾಮ ಆಯೋಗ ಹೇಳಿತು. 1882ರಲ್ಲಿ ಮದರಾಸಿನಲ್ಲಿ ಇಲಾಖೆ ಏರ್ಪಟ್ಟಿತು. ಮುಂದೆ 1889ರಲ್ಲಿ ಇಂಗ್ಲೆಂಡಿನಿಂದ ಬಂದ ತಜ್ಞ ವೋಲ್ಕರ್ ದೇಶವನ್ನೆಲ್ಲ ಸುತ್ತಿ, ಭಾರತದ ರೈತ ಅಲ್ಲಿಯ ಸಾಮಾನ್ಯ ಬೇಸಾಯಗಾರನಿಗೆ ಯಾವುದರಲ್ಲಿಯೂ ಕಡಮೆಯಲ್ಲ, ಅವನಿಗೆ ಕೊರತೆ ಇರುವುದು ನೀರು, ಗೊಬ್ಬರಗಳ ಅನುಕೂಲದಲ್ಲಿ ಎಂಬ ಅಭಿಪ್ರಾಯ ಕೊಟ್ಟರು. ರೈತನಿಗೆ ಕಲಿಸುವ ಮುನ್ನ ರೈತನಿಂದ ಕಲಿಯಬೇಕು ಎಂಬ ಪಾಠ ಹೀಗೆ ಮೆಲ್ಲಮೆಲ್ಲನೆ ಇಳಿಯಿತು.

ಆ ಕಾಲಕ್ಕೆ ದಕ್ಷಿಣ ಕನ್ನಡ, ಬಳ್ಳಾರಿ ಎರಡೂ ಮದರಾಸಿನ ಆಡಳಿತಕ್ಕೆ ಸೇರಿದ್ದವು. ಬಳ್ಳಾರಿ ಜಿಲ್ಲೆಯ ಹಗರಿಯಲ್ಲಿ 1906ರಲ್ಲಿಯೂ, ತೆಂಗಿನ ಬೆಳೆಗಾಗಿ ಕಾಸರಗೋಡಿನಲ್ಲಿ 1916ರಲ್ಲಿಯೂ ಸಂಶೋಧನಾ ಕೇಂದ್ರಗಳನ್ನು ತೆರೆದದ್ದು ಮದರಾಸು ಸರ್ಕಾರವೇ. 1953ರಲ್ಲಿ ಬಳ್ಳಾರಿಯೂ, 1956ರಲ್ಲಿ ದಕ್ಷಿಣ ಕನ್ನಡವೂ ಮೈಸೂರಿಗೆ ಸೇರಿದವು. ಕಾಸರಗೋಡು ಕೇರಳಕ್ಕೆ ಹೋಯಿತು. ಗಡಿ ಬದಲಾದರೂ ತೆಂಗಿನ ಬೇರು ಬದಲಾಗಲಿಲ್ಲ. ಕಾಸರಗೋಡಿನ ಆ ಕೇಂದ್ರ 1970ರಿಂದ ಇಡೀ ದೇಶದ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಯಾಗಿದೆ.

ಇತ್ತ ಮೈಸೂರಿನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯವಾದ ಕಥೆ. ಕೆನಡಾ ದೇಶದ ಲೆಸ್ಲಿ ಕೋಲ್ಮನ್ 1908ರಲ್ಲಿ ಸಂಸ್ಥಾನದ ಸೇವೆಗೆ ಬಂದಾಗ ಮಲೆನಾಡಿನ ಅಡಿಕೆಯನ್ನು ಕೊಳೆರೋಗ ತಿನ್ನುತ್ತಿತ್ತು. ಆಷಾಢದ ಮಳೆಗೆ ಎಳೆಗಾಯಿ ಕೊಳೆತು ಉದುರಿದರೆ ವರ್ಷದ ಅನ್ನವೇ ಉದುರಿದಂತೆ. ತೋಟಿಗರು ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರು. ರೋಗಕ್ಕೆ ಶಿಲೀಂಧ್ರ ಕಾರಣವೆಂದು ಕೋಲ್ಮನ್ ಕಂಡುಹಿಡಿದು, ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆಯೇ ಗೊನೆಗೆ ಸಿಂಪಡಿಸುವ ಉಪಾಯವನ್ನು ರೂಢಿಗೆ ತಂದರು. ಜೋರು ಮಳೆಗೆ ಅದು ತೊಳೆದುಹೋಗದಂತೆ ರಾಳದ ಅಂಟನ್ನು ಸೇರಿಸಿದರು. ಈ ದ್ರಾವಣದ ಹುಟ್ಟೂರು ಫ್ರಾನ್ಸಿನ ಬೋರ್ಡೋ ಸೀಮೆ. ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಅಲ್ಲಿಯವರು ಬಳ್ಳಿಗೆ ಬಳಿಯುತ್ತಿದ್ದ ನೀಲಿ ನೀರು ರೋಗವನ್ನೂ ತಡೆಯುವುದನ್ನು ಮಿಲಾರ್ಡೆ ಎಂಬ ವಿದ್ವಾಂಸರು ಗಮನಿಸಿ, 1885ರಲ್ಲಿ ಪ್ರಕಟಿಸಿದ್ದರು. ಕಳ್ಳರನ್ನು ಹೆದರಿಸಿದ ಮದ್ದು ನಮ್ಮ ಅಡಿಕೆಯನ್ನು ಉಳಿಸಿತು!

100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಇಂದಿಗೂ ತೋಟಿಗರ ಬಾಯಲ್ಲಿದೆ. ಎರಡನ್ನೂ ಬೇರೆಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತಿನ ನೀರು ಸುರಿದು ಕಲಕಬೇಕು. ಹೊಳೆಯುವ ಕಬ್ಬಿಣದ ಚೂರಿಯನ್ನು ಅದ್ದಿದಾಗ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಪರೀಕ್ಷೆ ಎಷ್ಟು ಸರಳ ನೋಡಿ! ಪ್ರಯೋಗಶಾಲೆಯ ವಿದ್ಯೆ ತೋಟಿಗನ ಕೈಗೆ ಬರುವುದೆಂದರೆ ಹೀಗೆ.

ಮೈಸೂರು ವ್ಯವಸಾಯ ಇಲಾಖೆ 1913ರಲ್ಲಿ ಕೋಲ್ಮನ್ ಅವರ ನೇತೃತ್ವದಲ್ಲಿ ಸ್ವತಂತ್ರವಾಗಿ ನಿಂತಿತು. ಅದೇ ವರ್ಷ ಹೆಬ್ಬಾಳದಲ್ಲಿ ವ್ಯವಸಾಯ ಶಾಲೆ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಕೇಂದ್ರ, ಆಮೇಲೆ ಮಂಡ್ಯದಲ್ಲಿ ನಾಲೆಯ ನೀರಿಗೆ ತಕ್ಕ ಕ್ಷೇತ್ರ ಮತ್ತು ಕಬ್ಬು ಬಂದವು. ಆ ಮಂಡ್ಯ ಕ್ಷೇತ್ರದಲ್ಲಿಯೇ ‘ರಾಗಿ’ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ನಂಟು ಬೆಸೆದು ‘ಇಂಡಾಫ್’ ತಳಿಗಳನ್ನು ಕೊಟ್ಟರು. ರಾಗಿಯ ತೆನೆಯಲ್ಲಿ ಹೂ ಅತಿ ಸಣ್ಣದು. ಅದನ್ನು ಸಂಕರ ಮಾಡುವುದು ತಾಳ್ಮೆಯ ತಪಸ್ಸು. ನಮ್ಮ ಮುದ್ದೆಯ ಹಿಂದೆ ಆ ತಪಸ್ಸಿದೆ.

ಇವೆಲ್ಲವೂ ಹೇಳುವುದು ಒಂದೇ ಮಾತು. ಇಲಾಖೆ ಗೆದ್ದದ್ದು ಹೊಲಕ್ಕೆ ಇಳಿದಾಗ. ಸೋತದ್ದು ಹೊಲವನ್ನು ನೋಡದೆ ಉಪದೇಶ ಮಾಡಿದಾಗ. ಆದರೆ ಹೊಲಕ್ಕೆ ಕರೆಯುವವರೂ ಇರಬೇಕಲ್ಲವೆ? ನಮ್ಮಲ್ಲಿ ಅನೇಕರ ಊರಮನೆಯಲ್ಲಿ ಇಂದು ಇರುವವರು ವಯಸ್ಸಾದ ತಂದೆತಾಯಿಯರು. ಕಾಯಿ ಉದುರಿತು, ಫಸಲು ಕೈಕೊಟ್ಟಿತು ಎಂದು ಅವರು ದೂರವಾಣಿಯಲ್ಲಿ ಹೇಳುತ್ತಾರೆ. ನಾವು ಹಣ ಕಳುಹಿಸಿ ಸುಮ್ಮನಾಗುತ್ತೇವೆ. ಹಣದಿಂದ ಕೂಲಿ ಕೊಡಬಹುದು, ಮಣ್ಣಿನ ಹಸಿವು ಏನೆಂದು ತಿಳಿಯಲಾಗದು. ಕೇಳುವವರಿಲ್ಲದ ತೋಟ ಮೊದಲು ಸೊರಗುತ್ತದೆ, ಆಮೇಲೆ ಹಾಳು ಬೀಳುತ್ತದೆ, ಕೊನೆಗೆ ಮಾರಾಟವಾಗುತ್ತದೆ.

ಕರ್ನಾಟಕದಲ್ಲಿ ಈಗ ಹೋಬಳಿ ಮಟ್ಟದಲ್ಲಿ ರೈತ ಸಂಪರ್ಕ ಕೇಂದ್ರಗಳಿವೆ. ಅಡಿಕೆ, ತೆಂಗಿನ ವಿಷಯಕ್ಕೆ ತೋಟಗಾರಿಕೆ ಇಲಾಖೆ ಬೇರೆಯೇ ಇದೆ. ಬೇಸಿಗೆಯ ರಜೆಗೆ ಊರಿಗೆ ಹೋದಾಗ ಒಂದು ಬೆಳಿಗ್ಗೆಯನ್ನು ಇದಕ್ಕೆ ಮೀಸಲಿಡೋಣ. ಹೊಲದ ಹತ್ತಾರು ಕಡೆ ಗೇಣುದ್ದ ತೋಡಿ, ಮಣ್ಣು ತೆಗೆದು, ಕಲಸಿ, ಅರ್ಧ ಕಿಲೋದಷ್ಟನ್ನು ಪರೀಕ್ಷೆಗೆ ಕೊಡೋಣ. ಮಕ್ಕಳ ಕೈಯಿಂದಲೇ ತೋಡಿಸೋಣ. ಆ ಮಣ್ಣು ತಮ್ಮದೂ ಹೌದೆಂದು ಅವರಿಗೆ ತಿಳಿಯಲಿ. ಅಜ್ಜನಿಗೆ ಗೊತ್ತಿರುವುದನ್ನು ಅಜ್ಜನಿಂದಲೂ, ಅಜ್ಜನಿಗೆ ತಿಳಿಯದ್ದನ್ನು ಇಲಾಖೆಯಿಂದಲೂ ಕೇಳಿ ಬರೋಣ.